ಒಂದೂವರೆ ಗುಂಟೆ, ಆರೂವರೆ ಗುಂಟೆ, ಹದಿನೆಂಟು ಗುಂಟೆ: ಯಾವ ಹುಲ್ಲುಹಾಸಿಗೆ ಯಾವ ರೋಬೋಟ್ ಮೋವರ್?

ಫ್ರಾಂಕನ್_ಕನ್ನಡ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ನ್ಯೂರ್ನ್‌ಬರ್ಗ್–ಎರ್ಲಾಂಗನ್ ಸುತ್ತಮುತ್ತಲಿನ ಮೂರು ಕನ್ನಡದ ಮನೆಯವರು ಈ ವಸಂತಕ್ಕೆ ಹುಲ್ಲು ಕತ್ತರಿಸುವ ರೋಬೋಟ್ ಕೊಳ್ಳಬೇಕೆಂದಿದ್ದೇವೆ. ಮೂರು ಜಾಗಗಳ ಲೆಕ್ಕ ಹೀಗಿದೆ (ಊರಿನ ಅಳತೆಯಲ್ಲಿ ಯೋಚಿಸುವವರಿಗೆ, ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್).

ಮೊದಲನೆಯದು ಸಾಲುಮನೆ. ಹಿಂದೆ 15×10 ಮೀಟರ್ ಸಮತಟ್ಟಾದ ಹುಲ್ಲು, ಮೂರು ಕಡೆ ಬೇಲಿ, ಒಂದು ಕಡೆ ಮನೆಯ ಗೋಡೆ. ಮುಂದೆ 30 ಚದರ ಮೀಟರಿನ ತುಂಡು ಬೇರೆ. ಎರಡಕ್ಕೂ ನಡುವೆ ಹುಲ್ಲಿನ ದಾರಿ ಇಲ್ಲ.

ಎರಡನೆಯದು 650 ಚದರ ಮೀಟರ್. ಎರಡು ಭಾಗ, ಮನೆಯ ಪಕ್ಕದ 90 ಸೆಂಟಿಮೀಟರ್ ಅಗಲದ ಓಣಿ ಅವನ್ನು ಕೂಡಿಸುತ್ತದೆ. ಓಣಿಯ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬೇಲಿ. ದಕ್ಷಿಣಕ್ಕೆ ಇಳಿಜಾರು: 4 ಮೀಟರ್ ದೂರಕ್ಕೆ 1.2 ಮೀಟರ್ ಇಳಿಯುತ್ತದೆ. ಎರಡು ಸೇಬಿನ ಮರ, ಮಕ್ಕಳ ಟ್ರ್ಯಾಂಪೊಲೀನ್.

ಮೂರನೆಯದು ಹಳ್ಳಿಯ ಕಡೆ, 60×30 ಮೀಟರ್, ಬಯಲು. ಪೂರ್ವದ ಅಂಚಿಗೆ ದೊಡ್ಡ ಅಕ್ರೋಟಿನ ಮರಗಳು.

ಪೆಟ್ಟಿಗೆಯ ಮೇಲೆ ಬರೆದ ಚದರ ಮೀಟರನ್ನು ನಂಬಬಹುದೇ? ಯಂತ್ರ ದಾಟದಂತೆ ಹುಲ್ಲಿನ ಸುತ್ತ ಗಡಿ ತಂತಿ ಹೂಳುವುದೋ, ಉಪಗ್ರಹ ನೋಡಿ ಓಡುವ ಆರ್‌ಟಿಕೆ ಮಾದರಿಯೋ? ರಾತ್ರಿ ಓಡಿಸಿದರೆ ಏನಾದರೂ ತೊಂದರೆಯೇ?

ಗರಿಕೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಮೊದಲನೆಯ ಪ್ರಶ್ನೆಯ ಉತ್ತರ ಅದರೊಳಗೇ ಇದೆ.

ರಾತ್ರಿ ಬೇಡವೇ ಬೇಡ. ಜರ್ಮನಿಯಲ್ಲಿ ಜನವಸತಿ ಪ್ರದೇಶದಲ್ಲಿ ಭಾನುವಾರ ಮತ್ತು ಸರಕಾರಿ ರಜಾದಿನ ಪೂರ್ತಿ, ಉಳಿದ ದಿನ ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ ಮೋವರ್ ಓಡಿಸುವಂತಿಲ್ಲ. ಅದಕ್ಕಿಂತ ದೊಡ್ಡ ಕಾರಣ ಹೆಡ್ಜ್‌ಹಾಗ್, ಇಲ್ಲಿಯವರು ಈಗೆಲ್ ಅನ್ನುವ ಪುಟ್ಟ ಮುಳ್ಳಿನ ಪ್ರಾಣಿ. ಅದು ಮುಸ್ಸಂಜೆಗೆ ಹೊರಬರುತ್ತದೆ. ಅಪಾಯ ಕಂಡರೆ ಓಡುವುದಿಲ್ಲ, ಇದ್ದಲ್ಲೇ ಉಂಡೆಯಾಗಿ ಮುದುಡಿಕೊಳ್ಳುತ್ತದೆ. ಸದ್ದಿಲ್ಲದೆ ಬರುವ ಯಂತ್ರ ಅದರ ಮೇಲೇ ಹೋಗುತ್ತದೆ. ಮುಖ, ಮೂತಿ ಸೀಳಿಹೋಗಿ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಕೊಲೋನ್ ನಗರ 2024ರಲ್ಲಿ ರಾತ್ರಿ ಓಡಿಸುವುದನ್ನೇ ನಿಷೇಧಿಸಿತು. ನಿಮ್ಮ ಊರಿನಲ್ಲಿ ನಿಯಮ ಇರಲಿ ಬಿಡಲಿ, ಬೆಳಗ್ಗೆ 9ರಿಂದ ಸಂಜೆ 6 ಅಂತ ಇಟ್ಟುಕೊಳ್ಳಿ.

ಈಗ ಪೆಟ್ಟಿಗೆಯ ಅಂಕಿ. ವಾರಕ್ಕೆ 168 ಗಂಟೆ. ನಿಮಗೆ ಉಳಿಯುವುದು ದಿನಕ್ಕೆ 9ರಂತೆ 6 ದಿನ, ಅಂದರೆ 54 ಗಂಟೆ. ಪೆಟ್ಟಿಗೆಯ ಅಂಕಿ ಹೆಚ್ಚಾಗಿ ಬಲು ಉದ್ದ ಓಟದ ಲೆಕ್ಕದ್ದು. ಕೈಪಿಡಿಯಲ್ಲಿ ದಿನಕ್ಕೆ ಎಷ್ಟು ಗಂಟೆ ಹಿಡಿದಿದ್ದಾರೆ ಅಂತ ಹುಡುಕಿ. 1000 ಚದರ ಮೀಟರಿನ ಯಂತ್ರಕ್ಕೆ ದಿನಕ್ಕೆ 18 ಗಂಟೆ ಹಿಡಿದಿದ್ದರೆ ಗಂಟೆಗೆ ಸುಮಾರು 55 ಚದರ ಮೀಟರ್ ಆಯಿತು. 9 ಗಂಟೆ ಓಡಿಸಿದರೆ ಅದು 500 ಚದರ ಮೀಟರಿನ ಯಂತ್ರ, ಅಷ್ಟೇ. ತಂತಿಯ ಮಾದರಿಗಳಲ್ಲಿ ಹೆಚ್ಚಿನವು ಗೊತ್ತುಗುರಿಯಿಲ್ಲದೆ ಅಡ್ಡಾಡಿ ಕತ್ತರಿಸುತ್ತವೆ, ಒಂದೇ ಜಾಗಕ್ಕೆ ಹತ್ತು ಸಲ ಹೋಗುತ್ತವೆ. ಅವಕ್ಕೆ ಈ ಗಂಟೆಯ ಲೆಕ್ಕ ಕಟ್ಟುನಿಟ್ಟು. ಆರ್‌ಟಿಕೆ ಯಂತ್ರ ಉಳುಮೆಯ ಸಾಲಿನಂತೆ ಒಂದರ ಪಕ್ಕ ಒಂದು ಹೋಗುವುದರಿಂದ ಅಷ್ಟು ಗಂಟೆ ಬೇಡ.

ಸಾಲುಮನೆಗೆ ಗಾರ್ಡೇನಾ ಸಿಲೆನೊ ಮಿನಿಮೊ 250 ಅಥವಾ ವೋರ್ಕ್ಸ್ ಲ್ಯಾಂಡ್‌ರಾಯ್ಡ್ ಎಸ್ 300 ದರ್ಜೆಯದು ಸಾಕು. ಇಲ್ಲಿ ಕಾಡುವುದು ವಿಸ್ತೀರ್ಣ ಅಲ್ಲ, ಅಂಚು. ಬೇಲಿ, ಗೋಡೆ ಇದ್ದ ಕಡೆ ತಂತಿಯನ್ನು 30–35 ಸೆಂಟಿಮೀಟರ್ ಒಳಗೆ ಹಾಕಬೇಕು. ನಿಮ್ಮ ಸುತ್ತಳತೆ 50 ಮೀಟರ್. ಅಂಚಿನಲ್ಲಿ 30 ಸೆಂಟಿಮೀಟರಿನ ಪಟ್ಟಿ ಉಳಿದರೂ ಸುಮಾರು 15 ಚದರ ಮೀಟರ್ ಕೈಯಲ್ಲೇ ಕತ್ತರಿಸಬೇಕು. ಅಂದರೆ ನೂರಕ್ಕೆ ಹತ್ತು! 60×30ರ ಬಯಲಿನಲ್ಲಿ ಅದೇ ಪಟ್ಟಿ ನೂರಕ್ಕೆ ಮೂರು ಮಾತ್ರ. ಜಾಗ ಚಿಕ್ಕದಾದಷ್ಟೂ ಅಂಚಿನ ಕಾಟ ಜಾಸ್ತಿ.

ಪರಿಹಾರ ಇದೆ. ಬೇಲಿಯ ಬುಡಕ್ಕೆ 20–25 ಸೆಂಟಿಮೀಟರ್ ಅಗಲದ ಚಪ್ಪಡಿಯನ್ನು ಹುಲ್ಲಿನ ಮಟ್ಟಕ್ಕೆ ಸರಿಯಾಗಿ ಕೂರಿಸಿ. ಚಕ್ರ ಚಪ್ಪಡಿಯ ಮೇಲೆ ಹೋಗುವಂತಿದ್ದರೆ ತಂತಿಯನ್ನು ಹುಲ್ಲಿನ ಅಂಚಿನಿಂದ 10 ಸೆಂಟಿಮೀಟರಿಗೇ ಹಾಕಬಹುದು. ಚಪ್ಪಡಿ ಒಂದೆರಡು ಸೆಂಟಿಮೀಟರ್ ಮೇಲೆದ್ದಿದ್ದರೆ ಉಪಯೋಗವಿಲ್ಲ, ಬ್ಲೇಡು ತಾಗುತ್ತದೆ.

ಮುಂದಿನ 30 ಚದರ ಮೀಟರಿಗೆ ಇನ್ನೊಂದು ರೋಬೋಟ್ ದುಂದು. ಅದೇ ತಂತಿಯ ಸುತ್ತನ್ನು ಅಲ್ಲಿಗೂ ಒಯ್ದು, ಯಂತ್ರವನ್ನು ಎತ್ತಿಕೊಂಡು ಹೋಗಿ ಬಿಟ್ಟು, ಬ್ಯಾಟರಿ ಮುಗಿಯುವವರೆಗೆ ಓಡಿಸುವ ಸೌಲಭ್ಯ ಹಲವು ಮಾದರಿಗಳಲ್ಲಿದೆ. ಆದರೆ ತಂತಿ ಮನೆಯನ್ನು ಬಳಸಿ ಬರಬೇಕಾದರೆ ಆ ಶ್ರಮ ಬೇಡ. ಕೈಯಿಂದ ತಳ್ಳುವ ಉರುಳೆ ಮೋವರಿಗೆ ಅದು ಹತ್ತು ನಿಮಿಷದ ಕೆಲಸ.

ಇಳಿಜಾರು_ಮನೆ

ಎರಡನೆಯ ತೋಟವೇ ಮೂರರಲ್ಲಿ ಕಷ್ಟದ್ದು. ಮೂರನೆಯದಲ್ಲ.

4 ಮೀಟರಿಗೆ 1.2 ಅಂದರೆ 30 ಶೇಕಡಾ ಇಳಿಜಾರು, ಡಿಗ್ರಿಯಲ್ಲಿ ಸುಮಾರು 17. ಅಂಗಡಿಯಲ್ಲಿ ಈ ಎರಡನ್ನು ಬೆರೆಸಿ ಮಾತಾಡುತ್ತಾರೆ, ಎಚ್ಚರ. 35 ಶೇಕಡಾ ಅಂದರೆ 19 ಡಿಗ್ರಿ, 35 ಡಿಗ್ರಿ ಅಂದರೆ 70 ಶೇಕಡಾ. ಇನ್ನೊಮ್ಮೆ ಅಳೆಯಿರಿ: ಒಂದು ಮೀಟರ್ ಉದ್ದದ ಹಲಗೆಯ ಮೇಲಿನ ತುದಿಯನ್ನು ಹುಲ್ಲಿಗೆ ತಾಗಿಸಿ, ರಸಮಟ್ಟ ಇಟ್ಟು ಸಮ ಮಾಡಿ, ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ನೋಡಿ. ಅಷ್ಟೇ ಶೇಕಡಾ. ಸರಾಸರಿ ತೆಗೆಯಬೇಡಿ, ಅತಿ ಕಡಿದಾದ ಜಾಗದ ಅಂಕಿಯೇ ಲೆಕ್ಕಕ್ಕೆ ಬರುವುದು.

ಸೆಗ್‌ವೇ ನ್ಯಾವಿಮೊ ಐ108 ವಿಸ್ತೀರ್ಣದಲ್ಲಿ 800 ಚದರ ಮೀಟರ್, ಆದರೆ ಅದರ ಇಳಿಜಾರಿನ ಮಿತಿಯೇ 30 ಶೇಕಡಾ. ಒದ್ದೆ ಹುಲ್ಲಿನಲ್ಲಿ ಮಿತಿಯಲ್ಲೇ ಓಡಿಸಿದರೆ ಹಿಂದಿನ ಚಕ್ರ ಸುತ್ತಿ ಸುತ್ತಿ ಮಣ್ಣು ಕೆತ್ತುತ್ತದೆ. ಹತ್ತು ಶೇಕಡಾವಾದರೂ ಮಿಗುವಂಥದ್ದು ತಗೊಳ್ಳಿ. ತಂತಿಯಲ್ಲಿ ಹುಸ್ಕ್‌ವರ್ನಾ ಆಟೋಮೋವರ್ 415ಎಕ್ಸ್ 1500 ಚದರ ಮೀಟರ್, 40 ಶೇಕಡಾ. ಆದರೆ ಗರಿಕೆಯವರು ಹೇಳಿದ ಗಂಟೆಯ ಲೆಕ್ಕವನ್ನು ಇದಕ್ಕೂ ಹಾಕಿ ನೋಡಿ. ತಂತಿ ಬೇಡವಾದರೆ ನಾಲ್ಕೂ ಚಕ್ರ ಎಳೆಯುವ ಮಮೋಷನ್ ಲೂಬಾ ಮಿನಿ ಥರದ್ದು ನೋಡಿ.

ಇಳಿಜಾರಿನ ಕೆಳ ಅಂಚಿನಲ್ಲಿ ತಂತಿ ಹಾಕುವಾಗ ಜಾಗ ಬಿಡಿ. ಯಂತ್ರ ಇಳಿದು ಬಂದ ರಭಸದಲ್ಲಿ ತಂತಿ ದಾಟಿ ಜಾರಿದರೆ 'ಗಡಿಯ ಹೊರಗೆ' ಅಂತ ನಿಂತುಬಿಡುತ್ತದೆ. ಸಾಧ್ಯವಾದರೆ ಇಳಿಜಾರು ಮುಗಿದು ನೆಲ ಸಮವಾದ ಮೇಲೆ ತಿರುವು ಬರಲಿ.

ಇನ್ನು ಓಣಿ. 90 ಸೆಂಟಿಮೀಟರಿನಲ್ಲಿ ಗೋಡೆಯ ಕಡೆ 30, ಬೇಲಿಯ ಕಡೆ 30 ಕಳೆದರೆ ಎರಡು ತಂತಿಗಳ ನಡುವೆ ಉಳಿಯುವುದು 30. ಬೇಕಾಗಿರುವುದು ಸಾಮಾನ್ಯವಾಗಿ ಕನಿಷ್ಠ 60. ಹಾಗೇ ಹಾಕಿದರೆ ಯಂತ್ರ ಓಣಿಯ ಬಾಯಲ್ಲಿ ಹಿಂದೆ ಮುಂದೆ ಆಡುತ್ತಾ ನಿಲ್ಲುತ್ತದೆ. ಓಣಿಯ ಹುಲ್ಲು ತೆಗೆದು ಅಂಚಿನಿಂದ ಅಂಚಿಗೆ ಚಪ್ಪಡಿ ಹಾಸಿಬಿಡಿ. ಕತ್ತರಿಸುವ ಕೆಲಸ ಇಲ್ಲದ ಮೇಲೆ ತಂತಿಯನ್ನು ಗೋಡೆಯ ಹತ್ತಿರ ಸರಿಸಬಹುದು, ಎರಡೂ ಕಡೆ 15ರಂತೆ ಬಿಟ್ಟರೆ ನಡುವೆ 60 ಸಿಗುತ್ತದೆ. ನಡುವೆ ದಾರಿತೋರುವ ತಂತಿ ಎಳೆಯಬೇಕು, ಇಲ್ಲದಿದ್ದರೆ ಅಡ್ಡಾಡುವ ಯಂತ್ರಕ್ಕೆ ಓಣಿ ಸಿಗುವುದು ಅದೃಷ್ಟದ ಮಾತು. ಇನ್ನೊಂದು ಲಾಭ: ದಿನಾ ಅದೇ ಜಾಡಿನಲ್ಲಿ ಚಕ್ರ ಹೋಗಿ ಮಳೆಗಾಲದ ಎತ್ತಿನಗಾಡಿ ದಾರಿಯ ಹಾಗೆ ಕೆಸರಾಗುವುದು ತಪ್ಪುತ್ತದೆ. ಆರ್‌ಟಿಕೆಗೂ ಈ ಓಣಿ ಸಲೀಸಲ್ಲ. ಗೋಡೆಯ ಮಗ್ಗುಲಲ್ಲಿ ಅರ್ಧ ಆಕಾಶ ಮುಚ್ಚಿಹೋಗಿರುತ್ತದೆ, ಕ್ಯಾಮೆರಾ ಕೂಡ ಇರುವ ಮಾದರಿಯೇ ಬೇಕು.

ಟ್ರ್ಯಾಂಪೊಲೀನಿನ ಸುತ್ತ ತಂತಿ ಎಳೆದು, ಯಂತ್ರ ಒಳಗೆ ಬಾರದ ದ್ವೀಪ ಮಾಡಿ. ಗಡಿಯಿಂದ ದ್ವೀಪಕ್ಕೆ ಹೋಗುವ ತಂತಿ, ಹಿಂದೆ ಬರುವ ತಂತಿ ಎರಡೂ ಒಂದಕ್ಕೊಂದು ತಾಗಿಕೊಂಡು, ಒಂದೇ ಮೊಳೆಯ ಕೆಳಗೆ ಇರಬೇಕು. ಎದುರುಬದುರು ದಿಕ್ಕಿನ ಕರೆಂಟು ಒಂದರ ಸಂಕೇತವನ್ನು ಇನ್ನೊಂದು ಅಳಿಸುತ್ತದೆ, ಯಂತ್ರ ಅದರ ಮೇಲೆ ಸಲೀಸಾಗಿ ದಾಟುತ್ತದೆ. ಐದು ಸೆಂಟಿಮೀಟರ್ ಅಂತರ ಬಿಟ್ಟರೂ ಅದು ಗೋಡೆಯಂತೆ ಕಂಡು ಯಂತ್ರ ಹಿಂದಿರುಗುತ್ತದೆ. ಎರಡು ತಂತಿ ಒಂದನ್ನೊಂದು ಅಡ್ಡ ದಾಟಲೂಬಾರದು.

ಸೇಬಿನ ಮರಕ್ಕೆ ದ್ವೀಪ ಬೇಡ, ಗಟ್ಟಿ ಕಾಂಡಕ್ಕೆ ತಾಗಿ ಅದೇ ತಿರುಗುತ್ತದೆ. ಬೇರು ಮೇಲೆದ್ದಿದ್ದರೆ ಮಾತ್ರ ಬೇಕು. ಆಗಸ್ಟ್ ಮೇಲೆ ಉದುರಿದ ಸೇಬನ್ನು ದಿನಾ ಆರಿಸಬೇಕಾಗುತ್ತದೆ.

ಬಯಲು_ಆಕಾಶ

60×30ಕ್ಕೆ ಆರ್‌ಟಿಕೆ ತಗೊಳ್ಳಿ. ತಂತಿಯಾದರೆ 180 ಮೀಟರ್ ಸುತ್ತು, 75 ಸೆಂಟಿಮೀಟರಿಗೆ ಒಂದರಂತೆ 240 ಮೊಳೆ. ಮಂಡಿಯೂರಿ ಹೊಡೆಯಬೇಕು. ನ್ಯಾವಿಮೊದ ದೊಡ್ಡ ಮಾದರಿಗಳು ಅಥವಾ ಲೂಬಾ 2ರ 3000 ಚದರ ಮೀಟರಿನದು ಈ ಜಾಗಕ್ಕೆ ಸರಿ.

ಆರ್‌ಟಿಕೆಯ ಗುಟ್ಟು ಇಷ್ಟು: ಒಂದೆಡೆ ಅಲುಗದಂತೆ ನಿಲ್ಲಿಸಿದ ಆಂಟೆನಾ ಮತ್ತು ಓಡಾಡುವ ಯಂತ್ರ ಎರಡೂ ಅವೇ ಉಪಗ್ರಹಗಳನ್ನು ನೋಡುತ್ತವೆ. ಆಂಟೆನಾ ತನಗೆ ಕಂಡ ತಪ್ಪನ್ನು ಯಂತ್ರಕ್ಕೆ ಹೇಳುತ್ತದೆ. ಬರಿಯ ಜಿಪಿಎಸ್‌ನ ಮೀಟರುಗಟ್ಟಲೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಅಂದಮೇಲೆ ಆಂಟೆನಾ ಒಂದಿಂಚು ಸರಿದರೆ ನಿಮ್ಮ ನಕ್ಷೆಯೆಲ್ಲ ಒಂದಿಂಚು ಸರಿಯುತ್ತದೆ. ಗಾಳಿಗೆ ಓಲಾಡುವ ಬಿದಿರು ಗಳದ ಮೇಲೆ ಕೂರಿಸಬೇಡಿ. ಸೂರಿನ ಕೆಳಗೂ ಬೇಡ, ಸೂರಿಗಿಂತ ಮೇಲೆ, ಗಟ್ಟಿ ಕಂಬಿಗೆ ಬಿಗಿಯಿರಿ.

ಅಕ್ರೋಟಿನ ಮರದ ಬಗ್ಗೆ ಮುಖ್ಯವಾದ ಮಾತು. ನೀವು ಏಪ್ರಿಲ್‌ನಲ್ಲಿ ನಕ್ಷೆ ಮಾಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಆಗ ಬರಿ ಕೊಂಬೆ. ಅಕ್ರೋಟು ಎಲೆ ಬಿಡುವುದು ತಡ. ಜೂನ್ ಹೊತ್ತಿಗೆ ಕೊಡೆಯಂತೆ ಮುಚ್ಚಿಕೊಂಡಾಗ ಅದೇ ಜಾಗದಲ್ಲಿ ಯಂತ್ರ 'ಸ್ಥಾನ ತಿಳಿಯದು' ಅಂತ ನಿಲ್ಲುತ್ತದೆ. ಚಾರ್ಜಿಂಗ್ ಸ್ಟೇಷನನ್ನು ಆ ಕಡೆ ಇಡಲೇಬೇಡಿ. ಹಿಂದಿರುಗಿಸುವ ಅವಧಿ ಎಷ್ಟು ದಿನ ಅಂತ ಕೇಳಿ, ಎಲೆ ತುಂಬಿದ ಮೇಲೆ ಒಂದು ವಾರವಾದರೂ ಪರೀಕ್ಷೆಗೆ ಸಿಗುವಂತೆ ಕೊಳ್ಳಿ.

ಮೈಸೂರು_ಹಿತ್ತಲು

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಸಾಲುಮನೆಗೆ ಹೇಳಿದಂಥ ಚಿಕ್ಕ ಯಂತ್ರವನ್ನು ಊರಿಗೆ ಬರುವವರ ಕೈಲಿ ತರಿಸಿಕೊಂಡರೆ ಮೈಸೂರಿನಲ್ಲಿ ನಡೆಯುತ್ತದೆಯೇ? ಎರಡು ಗುಂಟೆ ಕೊರಿಯನ್ ಹುಲ್ಲು ಇದೆ.

ಗರಿಕೆ

ವೋಲ್ಟೇಜು ಒಂದೇ, 230. ಆದರೆ ತಂತಿಗೆ ಸಂಕೇತ ಕೊಡುವುದು ಚಾರ್ಜಿಂಗ್ ಸ್ಟೇಷನ್. ಕರೆಂಟು ಹೋದ ಕ್ಷಣ ಸಂಕೇತ ನಿಲ್ಲುತ್ತದೆ, ಯಂತ್ರ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಸ್ಟೇಷನನ್ನು ಯುಪಿಎಸ್ ಲೈನಿಗೆ ಕೊಡಬೇಕು. ವಿಮಾನದಲ್ಲಿ 100 ವ್ಯಾಟ್-ಅವರ್ ದಾಟಿದ ಲಿಥಿಯಂ ಬ್ಯಾಟರಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರು ಒಯ್ಯುವಂತಿಲ್ಲ. ಬ್ಯಾಟರಿಯ ಮೇಲಿನ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ನೋಡಿ. ವಾರಂಟಿ, ಬಿಡಿಭಾಗ ಅಲ್ಲಿ ಸಿಗುವುದು ಕಷ್ಟ. ಎರಡು ಗುಂಟೆಗೆ ಸಾಮಾನ್ಯ ಕರೆಂಟಿನ ಮೋವರೇ ಮೇಲು ಅಂತ ನನ್ನ ಅಭಿಪ್ರಾಯ.

ಫ್ರಾಂಕನ್_ಕನ್ನಡ

ಎಲ್ಲರಿಗೂ ತುಂಬಾ ಧನ್ಯವಾದ. ಸಾಲುಮನೆಗೆ ಚಪ್ಪಡಿ ಮತ್ತು ತಂತಿ, ಬಯಲಿಗೆ ಆರ್‌ಟಿಕೆ ಅಂತ ತೀರ್ಮಾನ. ನಡುವಿನದಕ್ಕೆ ಮೊದಲು ಓಣಿಗೆ ಚಪ್ಪಡಿ ಹಾಸಿ, ಹಲಗೆ ಇಟ್ಟು ಇಳಿಜಾರು ಅಳೆದು, ಆಮೇಲೆ ಯಂತ್ರ. ಬ್ಲೇಡು, ಚಳಿಗಾಲದ ಬಗ್ಗೆ ಎರಡು ಮಾತು ಹೇಳಿದರೆ ಉಪಕಾರ.

ಇಳಿಜಾರು_ಮನೆ

ಮೊದಲ ಸಲ ಸಾಮಾನ್ಯ ಮೋವರಿನಿಂದ 4–5 ಸೆಂಟಿಮೀಟರಿಗೆ ಕತ್ತರಿಸಿ, ಆಮೇಲೆ ರೋಬೋಟ್ ಬಿಡಿ. ಅದರ ಬ್ಲೇಡು ಕ್ಷೌರದ ಬ್ಲೇಡಿನಂತೆ ಚಿಕ್ಕದು, ತೆಳು, ತಟ್ಟೆಗೆ ಸಡಿಲವಾಗಿ ತಿರುಪಿನಲ್ಲಿ ನೇತಾಡುತ್ತದೆ. ಎತ್ತರದ ಹುಲ್ಲು ಅದರ ಕೈಲಿ ಆಗದು. ಕತ್ತರಿಸಿದ ಚೂರು ಅಲ್ಲೇ ಬಿದ್ದು ಗೊಬ್ಬರವಾಗುತ್ತದೆ, ಗುಡಿಸಬೇಡಿ. 4ರಿಂದ 8 ವಾರಕ್ಕೊಮ್ಮೆ ಬ್ಲೇಡು ಬದಲಿಸಿ. ಹುಲ್ಲಿನ ತುದಿ ನೋಡಿದರೆ ಗೊತ್ತಾಗುತ್ತದೆ: ಹರಿತವಿದ್ದರೆ ನೇರ ಕಡಿತ, ಮೊಂಡಾಗಿದ್ದರೆ ತುದಿ ನಾರುನಾರಾಗಿ ಹರಿದು ಎರಡು ದಿನಕ್ಕೆ ಬೆಳ್ಳಗೆ ಒಣಗುತ್ತದೆ, ಇಡೀ ಲಾನ್ ಮಂಕಾಗಿ ಕಾಣುತ್ತದೆ. ಎಲ್ಲ ಬ್ಲೇಡುಗಳನ್ನೂ ಒಟ್ಟಿಗೆ, ಹೊಸ ತಿರುಪಿನ ಜೊತೆಗೇ ಬದಲಿಸಿ. ಹಳೆ ತಿರುಪು ಸವೆದು ಬ್ಲೇಡು ಹಾರಿಹೋಗಬಹುದು. ಅದಕ್ಕೂ ಮುಂಚೆ ಯಂತ್ರ ಪೂರ್ತಿ ಆರಿಸಿ, ಕೈಗೆ ದಪ್ಪ ಕೈಗವಸು ಹಾಕಿ. ಮಕ್ಕಳು ಟ್ರ್ಯಾಂಪೊಲೀನಿಗೆ ಬರುವ ಹೊತ್ತಿನಲ್ಲಿ ಯಂತ್ರ ಸ್ಟೇಷನಿನಲ್ಲೇ ಇರುವಂತೆ ವೇಳೆ ಹೊಂದಿಸಿ.

ನವೆಂಬರಿಗೆ ಒಳಗೆ ತನ್ನಿ. ಕೆಳಭಾಗವನ್ನು ಒಣ ಬ್ರಷ್ಷಿನಿಂದ ಉಜ್ಜಿ; ಒತ್ತಡದ ನೀರು ಹೊಡೆದರೆ ಬೇರಿಂಗಿಗೆ ನೀರು ಇಳಿಯುತ್ತದೆ. ಬ್ಯಾಟರಿ ಪೂರ್ತಿ ಚಾರ್ಜು ಮಾಡಿ, ಹಿಮ ಬೀಳದ ಒಣ ಜಾಗದಲ್ಲಿಡಿ. ಸ್ಟೇಷನ್ ತೆಗೆದರೆ ತಂತಿಯ ತುದಿಗಳನ್ನು ಗ್ರೀಸ್ ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ತಾಮ್ರ ಹಸಿರುಗಟ್ಟಿ ಮಾರ್ಚಿನಲ್ಲಿ ಸಂಪರ್ಕ ಸಿಗುವುದಿಲ್ಲ. ತಂತಿ ಎಲ್ಲಾದರೂ ತುಂಡಾದರೆ ಅದು ಹೆಚ್ಚಾಗಿ ಅಂಚಿನಲ್ಲಿ ಗುದ್ದಲಿ ಬಿದ್ದ ಜಾಗವೇ ಆಗಿರುತ್ತದೆ. ಅಲ್ಲಿಂದ ಹುಡುಕಲು ಶುರುಮಾಡಿ. ಜೋಡಿಸುವಾಗ ತಿರುಚಿ ಟೇಪು ಸುತ್ತಬೇಡಿ, ಒಳಗೆ ಜೆಲ್ ಇರುವ ಕನೆಕ್ಟರನ್ನು ಇಕ್ಕಳದಲ್ಲಿ ಒತ್ತಿ. ಟೇಪು ಸುತ್ತಿದ್ದು ಒಂದು ಮಳೆಗಾಲ ಬಾಳುವುದಿಲ್ಲ.