ಬೆಳಿಗ್ಗೆ ಒಂಬತ್ತಕ್ಕೆ ರಿಮೋಟ್ ಡೆಸ್ಕ್‌ಟಾಪ್ ಸಿಗುತ್ತಿಲ್ಲ

ಪ್ರಶ್ನೆ (ಮಂಗಳೂರು): ನಾಲ್ಕು ಸೆಷನ್ ಹೋಸ್ಟ್ (ಬಳಕೆದಾರರ ಡೆಸ್ಕ್‌ಟಾಪ್ ಓಡುವ ವಿಂಡೋಸ್ ಸರ್ವರ್), ಒಂದು ಕನೆಕ್ಷನ್ ಬ್ರೋಕರ್ (ಯಾರು ಯಾವ ಹೋಸ್ಟ್‌ಗೆ ಎಂದು ಹಂಚುವ ಸರ್ವರ್). ಸುರತ್ಕಲ್, ಕುಂದಾಪುರ ಶಾಖೆಯವರು ಒಟ್ಟಿಗೆ ಲಾಗಿನ್ ಆಗುವಾಗ ಕಪ್ಪು ಪರದೆ, ಆಮೇಲೆ ಕನೆಕ್ಷನ್ ಕಟ್. ಪಿಂಗ್ (ಸರ್ವರ್ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಸರಿ ಇದೆ. ಹತ್ತೂವರೆಯ ನಂತರ ತನ್ನಷ್ಟಕ್ಕೇ ಸರಿಯಾಗುತ್ತದೆ. ಎಲ್ಲಿಂದ ಹುಡುಕುವುದು ಮಾರಾಯ್ರೆ?

ಉತ್ತರ (ಮಣಿಪಾಲ): ಪಿಂಗ್ ಸಾಲದು, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್ ಪರೀಕ್ಷಿಸಿ. ಆದರೆ ಕಪ್ಪು ಪರದೆವರೆಗೆ ಬರುತ್ತದೆಂದರೆ ನೆಟ್‌ವರ್ಕ್‌ಗಿಂತ ಹೋಸ್ಟ್ ಮೇಲೆಯೇ ಅನುಮಾನ. ಪ್ರತಿ ಹೋಸ್ಟ್‌ನಲ್ಲಿ ‘ಕ್ವೆರಿ ಸೆಷನ್’ ಕಮಾಂಡ್ ಕೊಟ್ಟು ‘ಡಿಸ್ಕ್’ (ಡಿಸ್ಕನೆಕ್ಟೆಡ್, ಅಂದರೆ ಬಳಕೆದಾರರ ಸಂಪರ್ಕ ಕಡಿದ ಸೆಷನ್) ಎಂದಿರುವ ಸಾಲುಗಳನ್ನು ಎಣಿಸಿ. ಮಳೆಗೆ ಶಾಖೆಯಲ್ಲಿ ಕರೆಂಟ್ ಹೋದರೆ ಸೆಷನ್ ಮುಚ್ಚುವುದಿಲ್ಲ, ರ‍್ಯಾಮ್ ಹಿಡಿದುಕೊಂಡು ಹಾಗೆಯೇ ಉಳಿಯುತ್ತದೆ. ಗ್ರೂಪ್ ಪಾಲಿಸಿಯ (ಎಲ್ಲ ಸರ್ವರ್‌ಗೂ ಒಟ್ಟಿಗೆ ನಿಯಮ ಹಾಕುವ ವಿಂಡೋಸ್ ಸೆಟ್ಟಿಂಗ್) ‘ಸೆಷನ್ ಟೈಮ್ ಲಿಮಿಟ್ಸ್’‌ನಲ್ಲಿ ಡಿಸ್ಕನೆಕ್ಟ್ ಆದ ಸೆಷನ್‌ಗೆ 2 ಗಂಟೆ ಮಿತಿ ಹಾಕಿ. ಸೇವ್ ಮಾಡದ ಕೆಲಸ ಹೋಗುತ್ತದೆ, ಎಲ್ಲರಿಗೂ ಮೊದಲೇ ತಿಳಿಸಿ.

ಉತ್ತರ (ಉಡುಪಿ): ರಾತ್ರಿ ಒಂದೇ ಹೋಸ್ಟ್ ರೀಸ್ಟಾರ್ಟ್ ಆಗುತ್ತದೆಯಾ? ಬ್ರೋಕರ್ ಹಂಚುವುದು ಸೆಷನ್‌ಗಳ ಲೆಕ್ಕ ಮತ್ತು ನೀವು ಪ್ರತಿ ಹೋಸ್ಟ್‌ಗೆ ಕೊಟ್ಟ ವೇಟ್ (ಎಷ್ಟು ಪಾಲು ಎಂಬ ಅಂಕಿ) ನೋಡಿಕೊಂಡು. ಸಿಪಿಯು ಎಷ್ಟು ಬಳಲಿದೆ ಅಂತ ಅಲ್ಲ. ರೀಸ್ಟಾರ್ಟ್ ಆಗಿ ಖಾಲಿಯಾದ ಹೋಸ್ಟ್ ಕಂಡರೆ ಹೊಸಬರೆಲ್ಲ ಅಲ್ಲಿಗೇ. ಹೋಸ್ಟ್‌ಗಳ ಗುಂಪಾದ ಕಲೆಕ್ಷನ್‌ನ ಲೋಡ್ ಬ್ಯಾಲೆನ್ಸಿಂಗ್‌ನಲ್ಲಿ ಪ್ರತಿ ಹೋಸ್ಟ್‌ಗೂ ಸೆಷನ್ ಮಿತಿ ಕೊಡಿ. ತೀರಾ ಕಟ್ಟಿಕೊಂಡ ಹೋಸ್ಟ್‌ನಲ್ಲಿ ‘ಚೇಂಜ್ ಲಾಗಾನ್ /ಡ್ರೈನ್’ ಕೊಟ್ಟರೆ ಹಳೆಯ ಸೆಷನ್‌ಗೆ ಮರಳಬಹುದು, ಹೊಸ ಲಾಗಿನ್ ಬೇರೆ ಹೋಸ್ಟ್‌ಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಎರಡನೇ ಹೋಸ್ಟ್‌ನಲ್ಲಿ ಮುಕ್ಕಾಲು ಪಾಲು ‘ಡಿಸ್ಕ್’ ಸಾಲುಗಳೇ. ಮೊದಲು ಟೈಮ್ ಲಿಮಿಟ್ ಹಾಕುತ್ತೇನೆ.