ಪಿಎಚ್‌ಡಿ ಆದಮೇಲೆ ಅಧ್ಯಾಪನ, ಪೋಸ್ಟ್‌ಡಾಕ್ ಎರಡೂ ಬೇಡ: ಬೇರೆ ದಾರಿಗಳನ್ನು ಈಗಲೇ ಪರೀಕ್ಷಿಸಿ ನೋಡುವುದು ಹೇಗೆ?

ಮೈಟೋಸಿಸ್ (ಪ್ರಶ್ನೆ):
ಸೆಲ್ ಬಯಾಲಜಿಯಲ್ಲಿ ಪಿಎಚ್‌ಡಿ, ಮೂರನೇ ವರ್ಷ. ಕೈಗೆ ಹತ್ತಿರುವುದು ಕಾನ್‌ಫೋಕಲ್ ಇಮೇಜಿಂಗ್, ಕ್ರಿಸ್ಪರ್ ನಾಕೌಟ್, ವೆಸ್ಟರ್ನ್ ಬ್ಲಾಟ್, ಸ್ವಲ್ಪ ಆರ್ (ಡೇಟಾ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆ). ಹುಡುಕಿದಲ್ಲೆಲ್ಲ ಮೆಡಿಕಲ್ ರೈಟಿಂಗ್, ರೆಗ್ಯುಲೇಟರಿ, ಪೇಟೆಂಟ್, ಎಂಎಸ್ಎಲ್ (ಮೆಡಿಕಲ್ ಸೈನ್ಸ್ ಲಿಯೈಸನ್), ಡೇಟಾ ಸೈನ್ಸ್ ಎಂಬ ಪಟ್ಟಿಗಳೇ ಸಿಗುತ್ತವೆ. ಅಲ್ಲಿ ದಿನವಿಡೀ ಏನು ಕೆಲಸ ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಲ್ಯಾಬ್ ಕೆಲಸ ಕೆಡದಂತೆ, ವಾರಕ್ಕೆ ಮೂರ್ನಾಲ್ಕು ಗಂಟೆಯಲ್ಲಿ ಇವುಗಳನ್ನು ಪರೀಕ್ಷಿಸಿ ನೋಡಬಹುದೇ? ಗೈಡ್‌ಗೆ ಯಾವಾಗ ಹೇಳಬೇಕು?

ಅನುಬಂಧ:
ಹುದ್ದೆಯ ಹೆಸರು ಬಿಡಿ. ಆ ಕೆಲಸದಲ್ಲಿ ಕೊನೆಗೆ ತಯಾರಾಗುವುದು ಏನು, ಅದನ್ನು ಯಾರು ತಿದ್ದುತ್ತಾರೆ, ಗಡುವು ಯಾರ ಕೈಲಿದೆ ಎಂಬುದನ್ನು ನೋಡಿ. ಆಮೇಲೆ ಅಂಥದ್ದೇ ಒಂದು ಚಿಕ್ಕ ಮಾದರಿಯನ್ನು ನೀವೇ ತಯಾರಿಸಿ. ನಾಲ್ಕು ವಾರಾಂತ್ಯ ಸಾಕು, ಇಷ್ಟವೋ ಕಷ್ಟವೋ ಗೊತ್ತಾಗುತ್ತದೆ.

ಮೆಡಿಕಲ್ ರೈಟಿಂಗ್ ಅನ್ನುವ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಉದ್ಯೋಗಗಳಿವೆ. ಒಂದು ರೆಗ್ಯುಲೇಟರಿ ರೈಟಿಂಗ್: ಪ್ರೋಟೋಕಾಲ್, ಇನ್ವೆಸ್ಟಿಗೇಟರ್ಸ್ ಬ್ರೋಷರ್, ಕ್ಲಿನಿಕಲ್ ಸ್ಟಡಿ ರಿಪೋರ್ಟ್ ಇತ್ಯಾದಿ. ಸ್ಟಡಿ ರಿಪೋರ್ಟಿನ ಚೌಕಟ್ಟು ಐಸಿಎಚ್ (ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ) ಇ3 ಮಾರ್ಗಸೂಚಿಯಲ್ಲಿದೆ, ಉಚಿತವಾಗಿ ಓದಬಹುದು. ಔಷಧದ ಅನುಮತಿಗೆ ಸಲ್ಲಿಸುವ ಸಿಟಿಡಿ (ಕಾಮನ್ ಟೆಕ್ನಿಕಲ್ ಡಾಕ್ಯುಮೆಂಟ್) ಕಡತದಲ್ಲಿ 5 ಮಾಡ್ಯೂಲ್‌ಗಳು: ಮೊದಲನೆಯದು ಆಯಾ ದೇಶದ ಆಡಳಿತ ಕಾಗದಪತ್ರ, ಎರಡನೆಯದು ಸಾರಾಂಶಗಳು, ಮೂರು ತಯಾರಿಕೆ ಮತ್ತು ಗುಣಮಟ್ಟ, ನಾಲ್ಕು ಕ್ಲಿನಿಕಲ್ ಅಲ್ಲದ ಅಧ್ಯಯನಗಳು, ಐದು ಕ್ಲಿನಿಕಲ್ ವರದಿಗಳು. ನಿಮ್ಮ ಹಿನ್ನೆಲೆಯವರಿಗೆ ನಾಲ್ಕನೆಯದು ಬೇಗ ಒಗ್ಗುತ್ತದೆ. ಇಲ್ಲಿ ಸೊಗಸಾದ ವಾಕ್ಯಕ್ಕಿಂತ ಪಠ್ಯದ ಪ್ರತಿ ಅಂಕಿಯೂ ಟೇಬಲ್‌ಗೆ ತಾಳೆಯಾಗುವುದು ಮುಖ್ಯ. ಸಂಖ್ಯಾಶಾಸ್ತ್ರಜ್ಞರು, ವೈದ್ಯರು, ರೆಗ್ಯುಲೇಟರಿಯವರು ಒಂದೇ ಪ್ಯಾರಾಗೆ ಪರಸ್ಪರ ವಿರುದ್ಧವಾದ ಟಿಪ್ಪಣಿ ಹಾಕಿರುತ್ತಾರೆ. ಅವರನ್ನೆಲ್ಲ ಒಂದು ಮಾತಿಗೆ ತರುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಇನ್ನೊಂದು ಮೆಡಿಕಲ್ ಕಮ್ಯುನಿಕೇಷನ್ಸ್: ಪ್ರಬಂಧ, ಪೋಸ್ಟರ್, ಸಮ್ಮೇಳನದ ಸ್ಲೈಡ್. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿಯಾದ ಐಸಿಎಂಜೆಇ ಕರ್ತೃತ್ವಕ್ಕೆ ಇಟ್ಟಿರುವ ನಾಲ್ಕು ಷರತ್ತುಗಳನ್ನೂ ಪೂರೈಸದಿದ್ದರೆ ಬರೆದವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ. ಲೇಖಕರ ಪಟ್ಟಿಯಲ್ಲಿ ಹೆಸರಿರಲೇಬೇಕು ಅನ್ನುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ.

ಪರೀಕ್ಷೆ ಹೀಗೆ: ಓಪನ್ ಆಕ್ಸೆಸ್‌ನಲ್ಲಿರುವ ಒಂದು ರ‍್ಯಾಂಡಮೈಸ್ಡ್ ಟ್ರಯಲ್ ಪ್ರಬಂಧ ತೆಗೆದುಕೊಳ್ಳಿ. ಅದರ ಅಬ್‌ಸ್ಟ್ರಾಕ್ಟ್ ನೋಡದೆ, ಕನ್ಸಾರ್ಟ್ ಚೆಕ್‌ಲಿಸ್ಟ್ (ಟ್ರಯಲ್ ವರದಿಯಲ್ಲಿ ಏನೇನಿರಬೇಕು ಎಂಬ ಪಟ್ಟಿ) ಪಕ್ಕದಲ್ಲಿಟ್ಟುಕೊಂಡು 250 ಪದಗಳ ಸಾರಾಂಶ ಬರೆಯಿರಿ. ಅದನ್ನೇ ರೋಗಿಗಳಿಗೆ ಅರ್ಥವಾಗುವ ಒಂದು ಪುಟವಾಗಿ ಮತ್ತೊಮ್ಮೆ ಬರೆಯಿರಿ. ನಂತರ ಅದೇ ಟ್ರಯಲ್‌ನ ನೋಂದಣಿ ದಾಖಲೆ ತೆರೆದು, ಅಲ್ಲಿ ಘೋಷಿಸಿದ ಪ್ರೈಮರಿ ಔಟ್‌ಕಮ್ (ಟ್ರಯಲ್ ಮುಖ್ಯವಾಗಿ ಅಳೆಯುವ ಫಲಿತಾಂಶ) ಮತ್ತು ಅದನ್ನು ಅಳೆಯುವ ಸಮಯ ಪ್ರಬಂಧದಲ್ಲೂ ಅದೇ ಇದೆಯೇ ನೋಡಿ. 12 ವಾರ ಎಂದದ್ದು 24 ಆಗಿದ್ದರೆ ತಟ್ಟನೆ ಕಣ್ಣಿಗೆ ಬಿತ್ತೇ? ಹುಡುಕುವಾಗ ಬೇಸರವಾಯಿತೇ, ಹುಮ್ಮಸ್ಸು ಬಂತೇ? ನನಗೆ ಕೇಳಿದರೆ ಈ ಒಂದು ಪ್ರಶ್ನೆಗೆ ಸಿಗುವ ಉತ್ತರ ಎಲ್ಲ ಆಪ್ಟಿಟ್ಯೂಡ್ ಟೆಸ್ಟ್‌ಗಳಿಗಿಂತ ಮೇಲು.

ಕ್ಲೇಮ್_1:
ಪೇಟೆಂಟ್ ಬಗ್ಗೆ ಮಾತ್ರ ಹೇಳುತ್ತೇನೆ. ಎಸ್ಪಾಸ್‌ನೆಟ್ ಎಂಬ ಪೇಟೆಂಟ್ ಹುಡುಕಾಟದ ತಾಣದಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಪೇಟೆಂಟ್ ಹುಡುಕಿ. ಬರೀ ಕೀವರ್ಡ್ ಹಾಕಿದರೆ ಬೇಕಾದ್ದು ಜಾರಿಹೋಗುತ್ತದೆ, ವರ್ಗೀಕರಣ ಸಂಖ್ಯೆಯನ್ನೂ ಸೇರಿಸಿ (ಜೆನೆಟಿಕ್ ಇಂಜಿನಿಯರಿಂಗ್‌ಗೆ ಸಿ12ಎನ್ 15). ಮೊದಲ ಕ್ಲೇಮನ್ನು (ಯಾವುದರ ಮೇಲೆ ಹಕ್ಕು ಎಂದು ಹೇಳುವ ವಾಕ್ಯ) ಘಟಕಗಳಾಗಿ ಒಡೆದು ಟೇಬಲ್ ಮಾಡಿ. ಪಕ್ಕದ ಕಾಲಂನಲ್ಲಿ, ಪ್ರಯಾರಿಟಿ ದಿನಾಂಕಕ್ಕಿಂತ (ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನ) ಮೊದಲು ಪ್ರಕಟವಾದ ಒಂದು ಪ್ರಬಂಧದಲ್ಲಿ ಪ್ರತಿ ಘಟಕ ಎಲ್ಲಿದೆ ಎಂದು ಪುಟ, ಸಾಲು ಸಮೇತ ಗುರುತಿಸಿ. ಎಲ್ಲ ಘಟಕಗಳೂ ಒಂದೇ ದಾಖಲೆಯಲ್ಲಿ ಸಿಕ್ಕರೆ ಹೊಸತನಕ್ಕೆ ಪೆಟ್ಟು. ಎರಡು ದಾಖಲೆ ಜೋಡಿಸಬೇಕಾದರೆ ಅದು ಇನ್ವೆಂಟಿವ್ ಸ್ಟೆಪ್‌ನ (ಕ್ಷೇತ್ರ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು ಎಂಬ ಷರತ್ತು) ವಾದ.

ವಿಜ್ಞಾನಿಗಳು ಎಡವುವುದು ಇಲ್ಲೇ: ವಿವರಣೆಯ ಭಾಗ, ಚಿತ್ರಗಳನ್ನು ಓದಿ ‘ಇದು ಗೊತ್ತಿರುವುದೇ’ ಎಂದುಬಿಡುತ್ತಾರೆ. ಹಕ್ಕಿನ ವ್ಯಾಪ್ತಿ ನಿಂತಿರುವುದು ಕ್ಲೇಮ್‌ಗಳ ಮೇಲೆ. ಇನ್ನು, ಅರ್ಜಿಗಳು ಸಾಮಾನ್ಯವಾಗಿ ಪ್ರಯಾರಿಟಿ ದಿನಾಂಕದಿಂದ 18 ತಿಂಗಳ ನಂತರವೇ ಪ್ರಕಟವಾಗುವುದರಿಂದ ‘ಏನೂ ಸಿಗಲಿಲ್ಲ’ ಎಂದರೆ ‘ಏನೂ ಇಲ್ಲ’ ಎಂದಲ್ಲ.

ಒಂದು ಎಚ್ಚರಿಕೆ. ಮಾದರಿ ಕೆಲಸಕ್ಕೆ ನಿಮ್ಮ ಲ್ಯಾಬಿನ ಅಪ್ರಕಟಿತ ಡೇಟಾ ಬಳಸಬೇಡಿ. ಸಾರ್ವಜನಿಕವಾಗಿ ಹಾಕಿದ ಒಂದು ಚಿತ್ರ ಸಾಕು, ಮುಂದೆ ನಿಮ್ಮ ಸಂಸ್ಥೆಯೇ ಪೇಟೆಂಟ್‌ಗೆ ಹೋದಾಗ ಹೊಸತನ ಇಲ್ಲವಾಗಬಹುದು. ಕೆಲವು ದೇಶಗಳಲ್ಲಿ ಗ್ರೇಸ್ ಅವಧಿ (ಸ್ವತಃ ಪ್ರಕಟಿಸಿದ ಮೇಲೂ ಅರ್ಜಿ ಹಾಕಲು ಸಿಗುವ ಕಾಲಾವಕಾಶ) ಇದೆ, ಎಲ್ಲ ಕಡೆ ಇಲ್ಲ.

ಪಿನ್‌ಹೋಲ್:
ನಿಮ್ಮ ಪಟ್ಟಿಯಲ್ಲಿ ಇಲ್ಲದ್ದೇ ನಿಮಗೆ ಹೆಚ್ಚು ಹೊಂದುತ್ತದೆ ಅನ್ನಿಸಿತು: ಮೈಕ್ರೋಸ್ಕೋಪ್ ಕಂಪನಿಗಳಲ್ಲಿ ಫೀಲ್ಡ್ ಅಪ್ಲಿಕೇಶನ್ ಸೈಂಟಿಸ್ಟ್. ಗ್ರಾಹಕರ ಸ್ಯಾಂಪಲ್ ಮೇಲೆ ಡೆಮೊ, ಬಳಸುವವರಿಗೆ ತರಬೇತಿ, ಕೆಟ್ಟ ಚಿತ್ರ ಯಾಕೆ ಕೆಟ್ಟಿತು ಅಂತ ಪತ್ತೆ ಮಾಡೋದು, ಇದೇ ಕೆಲಸ. ಪ್ರಯಾಣ ಜಾಸ್ತಿ. ಅದು ಆಗಲ್ಲ ಅಂದ್ರೆ ಇದರ ತಂಟೆಗೆ ಹೋಗಬೇಡಿ.

ಪರೀಕ್ಷೆಗೆ ನಿಮ್ಮ ಇಮೇಜಿಂಗ್ ಫೆಸಿಲಿಟಿಯಲ್ಲಿ ಹೊಸಬರಿಗೆ ಕಲಿಸಿ. ಜೊತೆಗೆ ಒಂದು ಪುಟದ ಟ್ರಬಲ್‌ಶೂಟಿಂಗ್ ಹಾಳೆ ಬರೆಯಿರಿ. ಉದಾಹರಣೆಗೆ, ಹಸಿರು ಚಾನೆಲ್‌ನ ಸಿಗ್ನಲ್ ಕೆಂಪಿನಲ್ಲೂ ಕಾಣ್ತಿದೆ: ಮೊದಲು ಒಂದೇ ಬಣ್ಣ ಹಾಕಿದ ಕಂಟ್ರೋಲ್ ಸ್ಲೈಡನ್ನು ಎರಡೂ ಚಾನೆಲ್‌ನಲ್ಲಿ ನೋಡಿ. ಬ್ಲೀಡ್-ಥ್ರೂ (ಒಂದು ಬಣ್ಣದ ಬೆಳಕು ಇನ್ನೊಂದರ ಚಾನೆಲ್‌ಗೆ ಸೋರೋದು) ಅಂತ ಖಚಿತವಾದರೆ ಸೀಕ್ವೆನ್ಶಿಯಲ್ ಸ್ಕ್ಯಾನ್‌ಗೆ ಬದಲಿಸಿ, ಡಿಟೆಕ್ಷನ್ ಬ್ಯಾಂಡ್ ಕಿರಿದಾಗಿಸಿ. ಪಿನ್‌ಹೋಲ್ (ಫೋಕಸ್ ಆಚೆಯ ಬೆಳಕು ತಡೆಯುವ ಚಿಕ್ಕ ರಂಧ್ರ) 1 ಏರಿ ಯೂನಿಟ್‌ನಲ್ಲಿದೆಯೇ, ಪಿಕ್ಸೆಲ್‌ಗಳು ಸ್ಯಾಚುರೇಟ್ ಆಗಿವೆಯೇ ಅನ್ನೋದೂ ಆ ಹಾಳೆಯಲ್ಲಿರಲಿ. ಸಂದರ್ಶನಕ್ಕೆ ಇಂಥ ಹಾಳೆ ಒಯ್ದರೆ ಮಾತು ತಾನಾಗಿ ಶುರುವಾಗುತ್ತೆ.

ಡೇಟಾ ಕಡೆಗೆ ‘ಸ್ವಲ್ಪ ಆರ್’ ಸಾಲದು. ಜಿಇಒ ಎಂಬ ಸಾರ್ವಜನಿಕ ಡೇಟಾ ಸಂಗ್ರಹದಿಂದ ಒಂದು ಆರ್‌ಎನ್‌ಎ-ಸೀಕ್ವೆನ್ಸಿಂಗ್ ಡೇಟಾ ಇಳಿಸಿಕೊಂಡು ಆರ್‌ನ ಡಿಇಸೀಕ್2 ಪ್ಯಾಕೇಜಿನಲ್ಲಿ ವಿಶ್ಲೇಷಣೆಯನ್ನ ಕೊನೆಯವರೆಗೂ ಮಾಡಿ, ಕೋಡ್ ಗಿಟ್‌ಹಬ್‌ಗೆ ಹಾಕಿ. ತಪ್ಪುವುದು ಎಲ್ಲಿ ಅಂದರೆ, ಕಚ್ಚಾ ಕೌಂಟ್ ಬದಲು ಟಿಪಿಎಂ (ಮೊದಲೇ ಹೊಂದಾಣಿಕೆ ಮಾಡಿದ ಅಂಕಿ) ಕೊಟ್ಟುಬಿಡೋದು, ಕಂಟ್ರೋಲ್ ಎಲ್ಲ ಒಂದು ಬ್ಯಾಚ್, ಟ್ರೀಟ್‌ಮೆಂಟ್ ಎಲ್ಲ ಇನ್ನೊಂದು ಬ್ಯಾಚ್ ಆಗಿರೋದನ್ನ ಗಮನಿಸದಿರೋದು. ಎರಡನೆಯದನ್ನ ಯಾವ ಸಾಫ್ಟ್‌ವೇರೂ ಸರಿಪಡಿಸಲ್ಲ. ಡೇಟಾ ಆರಿಸುವಾಗಲೇ ನೋಡಿಕೊಳ್ಳಿ.

ಮೈಟೋಸಿಸ್:
ತುಂಬಾ ಉಪಯೋಗವಾಯಿತು. ಎಂಎಸ್ಎಲ್ ಬಗ್ಗೆ ಯಾರೂ ಹೇಳಲಿಲ್ಲ. ಆ ಕ್ಷೇತ್ರದವರನ್ನು ಮಾತಾಡಿಸುವಾಗ ಏನು ಕೇಳಬೇಕು?

ಅನುಬಂಧ:
ಎಂಎಸ್ಎಲ್ ಅಂದರೆ ತಜ್ಞ ವೈದ್ಯರ ಜೊತೆ ಔಷಧದ ವಿಜ್ಞಾನ ಚರ್ಚಿಸುವ ಕೆಲಸ. ಮಾರಾಟದ ಗುರಿ ಇರುವುದಿಲ್ಲ. ಡಾಕ್ಟರೇಟ್ ಕೇಳುತ್ತಾರೆ, ಅದರ ಜೊತೆಗೇ ಆ ರೋಗಕ್ಷೇತ್ರದ ಅನುಭವವನ್ನೂ ಕೇಳುತ್ತಾರೆ. ಹೀಗಾಗಿ ಪಿಎಚ್‌ಡಿ ಮುಗಿಸಿದ ಕೂಡಲೇ ನೇರವಾಗಿ ಒಳಹೋಗುವುದು ಕಷ್ಟ. ಮೆಡಿಕಲ್ ಕಮ್ಯುನಿಕೇಷನ್ಸ್ ಮೂಲಕ ಹೋಗುವ ದಾರಿ ಉಂಟು.

ಮಾತಾಡಿಸಲು ಐದು ಸಾಲಿನ ಸಂದೇಶ ಕಳಿಸಿ, 20 ನಿಮಿಷ ಕೇಳಿ. ಕೆಲಸ ಕೊಡಿಸಿ ಎಂದಾಗಲಿ, ‘ನಿಮ್ಮ ಕೆಲಸ ಹೇಗಿದೆ’ ಎಂದಾಗಲಿ ಬೇಡ. ‘ಹೋದ ವಾರ ಯಾವ್ಯಾವ ಮೀಟಿಂಗ್ ಇದ್ದವು? ಕೊನೆಗೆ ಮುಗಿಸಿಕೊಟ್ಟ ದಾಖಲೆ ಯಾವುದು, ಎಷ್ಟು ಸಲ ತಿದ್ದುಪಡಿಯಾಯಿತು? ಈ ಹುದ್ದೆ ಬಿಟ್ಟವರು ಎಲ್ಲಿಗೆ ಹೋಗುತ್ತಾರೆ?’ ಎಂದು ಕೇಳಿ. ಒಂದು ಹುದ್ದೆಗೆ ಮೂವರನ್ನಾದರೂ ಮಾತಾಡಿಸಿ; ಒಬ್ಬರ ಮಾತಿನಲ್ಲಿ ಆ ಕಂಪನಿಯ ಸ್ವಭಾವ ಯಾವುದು, ಹುದ್ದೆಯ ಸ್ವಭಾವ ಯಾವುದು ಬೇರ್ಪಡಿಸಲಾಗದು.

ಗೈಡ್‌ಗೆ ಮುಚ್ಚಿಡಬೇಡಿ. ಆದರೆ ಬರಿಗೈಯಲ್ಲಿ ಹೋಗಬೇಡಿ. ಯಾವ ಪ್ರಯೋಗ ಯಾವ ತಿಂಗಳಿಗೆ ಮುಗಿಯುತ್ತದೆ, ಪ್ರಬಂಧದ ಕರಡು ಯಾವಾಗ ಕೊಡುತ್ತೀರಿ ಎಂಬ ವೇಳಾಪಟ್ಟಿ ಮುಂದಿಟ್ಟು ಆಮೇಲೆ ವಿಷಯ ತೆಗೆಯಿರಿ. ಇಂಟರ್ನ್‌ಶಿಪ್ ಆಲೋಚನೆಯಿದ್ದರೆ ಆ ಮಾತು ಇನ್ನೂ ಬೇಗ ಆಗಬೇಕು: ಫೆಲೋಶಿಪ್ ಷರತ್ತು ಹೊರಗಿನ ಕೆಲಸಕ್ಕೆ ಬಿಡುತ್ತದೆಯೇ, ಕಂಪನಿಯ ಗೌಪ್ಯತಾ ಒಪ್ಪಂದ ನಿಮ್ಮ ಥೀಸಿಸ್ ವಿಷಯವನ್ನು ತಾಗುತ್ತದೆಯೇ ಎಂದು ಸಹಿಗೆ ಮೊದಲೇ ಸಂಸ್ಥೆಯವರಿಂದ ಓದಿಸಿ.