ಬ್ಯಾಂಕಾಕ್‌ಗೆ ಹೊರಟ ಗೇ ಜೋಡಿಗೆ ಏನೇನು ಗೊತ್ತಿರಬೇಕು?

ಪ್ರಶ್ನೆ (ಹೆಸರು ಬೇಡ, ಮೈಸೂರು): ಸರ್, ನಾನು ಮತ್ತು ನನ್ನ ಸಂಗಾತಿ, ಇಬ್ಬರೂ ಗಂಡಸರು, ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಮನೆಯವರಿಗೆ ಗೊತ್ತಿಲ್ಲ. ಹೋಟೆಲ್‌ನಲ್ಲಿ ಒಂದೇ ಮಂಚದ ರೂಮು ಕೇಳಿದರೆ ಕಿರಿಕಿರಿ ಆಗುತ್ತಾ? ಎಲ್ಲಿ ಉಳಿಯೋದು? ಅಲ್ಲೇ ಮದುವೆ ಆದರೆ ಇಲ್ಲಿ ನಡೆಯುತ್ತಾ?

ಉತ್ತರ (ಪ್ರವಾಸ ಏಜೆಂಟ್): ಧೈರ್ಯವಾಗಿ ಹೋಗಿಬನ್ನಿ. ಸಲಿಂಗ ಸಂಬಂಧ ಅಪರಾಧ ಅನ್ನೋದನ್ನ ಥಾಯ್ಲೆಂಡ್ 1956ರ ದಂಡಸಂಹಿತೆಯಲ್ಲೇ ಕೈಬಿಟ್ಟಿತು. ನಾವು ಅದಕ್ಕೆ 2018ರವರೆಗೆ ಕಾದೆವು. 2025ರ ಜನವರಿ 23ರಿಂದ ಅಲ್ಲಿ ಮದುವೆಗೂ ಕಾನೂನಿದೆ.

ರೂಮ್ ಬುಕ್ ಮಾಡುವಾಗ 'ಡಬಲ್' ಅಂತಲೇ ಆರಿಸಿ. ಎರಡು ಗಂಡು ಹೆಸರು ಕಂಡ ತಕ್ಷಣ ಸ್ನೇಹಿತರಿರಬೇಕು ಅಂದುಕೊಂಡು ಕೆಲವರು ಬೇರೆ ಬೇರೆ ಮಂಚದ 'ಟ್ವಿನ್' ಕೊಟ್ಟುಬಿಡುತ್ತಾರೆ. ನಮಗೆ ಒಂದೇ ದೊಡ್ಡ ಮಂಚ ಬೇಕು ಅಂತ ಬುಕಿಂಗ್‌ನಲ್ಲೇ ಒಂದು ಸಾಲು ಬರೆದುಬಿಡಿ, ರಿಸೆಪ್ಷನ್‌ನಲ್ಲಿ ಬಾಯಿಬಿಟ್ಟು ಕೇಳೋ ಸಂಕೋಚ ಇರಲ್ಲ.

ಉಳಿಯೋಕೆ ಸೀಲೊಮ್ ಕಡೆ ನೋಡಿ. ಸಾಲಾ ಡೇಂಗ್ ಸ್ಕೈಟ್ರೇನ್ ನಿಲ್ದಾಣ ಇಳಿದರೆ ಸೀಲೊಮ್ ಸೊಯಿ 4 ಹತ್ತಿರವೇ. ಸೊಯಿ ಅಂದರೆ ಅಡ್ಡರಸ್ತೆ. ಸಂಜೆ ಅಲ್ಲಿನ ಗೇ ಬಾರ್‌ಗಳ ಹೊರಗೆ ಹಾಕಿದ ಮೇಜುಗಳಲ್ಲಿ ಕೂತು ಹರಟಬಹುದು, ಕುಡಿಯಲೇಬೇಕು ಅಂತೇನಿಲ್ಲ. ಕುಣಿಯೋ ಆಸೆ ಇದ್ದರೆ ರಾತ್ರಿ ಸೊಯಿ 2ಕ್ಕೆ ಹೋಗಿ. ಕ್ಲಬ್‌ಗಳಿಗೆ 20 ತುಂಬಿರಬೇಕು, ಪಾಸ್‌ಪೋರ್ಟ್ ಕೇಳಬಹುದು. ಪಕ್ಕದ ಪಾಟ್‌ಪೊಂಗ್‌ನಲ್ಲಿ 'ಮಹಡಿ ಮೇಲೆ ಶೋ ಇದೆ, ಬನ್ನಿ' ಅಂತ ಕರೆದರೆ ಮಾತ್ರ ಹೋಗಲೇಬೇಡಿ, ಬಿಲ್ಲು ಸಾವಿರಗಟ್ಟಲೆ ಏರಿಸಿ ಬಾಗಿಲಲ್ಲೇ ತಡೆಯುತ್ತಾರೆ. ಹಾಗಾದರೆ ಪ್ರವಾಸಿ ಪೊಲೀಸ್ ನಂಬರ್ 1155.

ಮದುವೆ ಅಲ್ಲಿ ಆದರೂ ಇಲ್ಲಿ ಊರ್ಜಿತವಲ್ಲ. 2023ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಇದನ್ನ ಬರೆಯೋಕೆ ನನಗೂ ಸಂಕಟವೇ.

ಪ್ರಶ್ನೆ (ಅದೇ ಮೈಸೂರಿನವರು): ಬೀದಿಯಲ್ಲಿ ಕೈ ಹಿಡಿದು ನಡೆಯಬಹುದಾ ಸರ್?

ಉತ್ತರ: ಖಂಡಿತ. ಮುತ್ತು ಕೊಡೋದು ಮಾತ್ರ ಬೇಡ, ಗಂಡು–ಹೆಣ್ಣು ಜೋಡಿಯೂ ಅಲ್ಲಿ ಬೀದಿಯಲ್ಲಿ ಹಾಗೆ ಮಾಡಲ್ಲ. ಮನೆಯವರಿಗೆ ಗೊತ್ತಿಲ್ಲ ಅಂದಿರಿ, ಹಾಗಾಗಿ ನಾನು ಹೆದರೋದು ಥಾಯ್ ಜನಕ್ಕಲ್ಲ, ಬೆಂಗಳೂರಿಂದ ಅದೇ ವಿಮಾನದಲ್ಲಿ ಬರೋ ನಮ್ಮೂರವರಿಗೆ. ಗ್ರೂಪ್ ಟೂರ್ ಬೇಡ, ನೀವಿಬ್ಬರೇ ಹೋಗಿ. ಫೋಟೋ ಊರಿಗೆ ಬರೋತನಕ ಎಲ್ಲೂ ಹಾಕಬೇಡಿ.

ಪ್ರಶ್ನೆ (ಹುಬ್ಬಳ್ಳಿ): ಸರ, ನಾ ಒಬ್ಬನ ಹೊಂಟೇನ್ರಿ. ಆ್ಯಪ್‌ನಾಗ ಪರಿಚಯ ಆದವರನ್ನ ರೂಮಿಗೆ ಕರೀಬಹುದೇನ್ರಿ?

ಉತ್ತರ: ಮೊದಲು ಕಾಫಿ ಅಂಗಡಿಯಲ್ಲಿ ಭೇಟಿಯಾಗಿ. ರೂಮಿಗೆ ಕರೆದರೆ, ಬಂದವರ ಗುರುತಿನ ಚೀಟಿ ಕೇಳಿ ಇಟ್ಟುಕೊಳ್ಳೋ ಹೋಟೆಲೇ ನಿಮಗೆ ಒಳ್ಳೆಯದು. ಅವರು ಹೊರಡುವಾಗ ಚೀಟಿ ವಾಪಸ್ ಕೊಡೋ ಮುಂಚೆ ನಿಮ್ಮ ರೂಮಿಗೆ ಫೋನ್ ಮಾಡಿ ಎಲ್ಲ ಸರಿ ಇದೆಯಾ ಅಂತ ವಿಚಾರಿಸುವ ಕಡೆಯೂ ಉಂಟು. ಚೀಟಿ ಇಲ್ಲ ಅನ್ನುವವರನ್ನ ಅಲ್ಲಿಂದಲೇ ಕಳಿಸಿಬಿಡಿ. ನಿಮ್ಮ ಗ್ಲಾಸು ನಿಮ್ಮ ಕೈಯಲ್ಲೇ ಇರಲಿ.

ಕಾಂಡೋಮ್ ಇಲ್ಲಿಂದಲೇ ಒಯ್ಯಿರಿ. ಅದು ಹರಿದರೆ ಊರಿಗೆ ಬಂದ ಮೇಲೆ ನೋಡೋಣ ಅಂತ ಕೂರಬೇಡಿ, ಎಚ್‌ಐವಿ ತಡೆಯೋ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ರಾಚದಮ್ರಿ ರಸ್ತೆಯಲ್ಲಿ ಥಾಯ್ ರೆಡ್‌ಕ್ರಾಸ್‌ನ ಅನಾಮಧೇಯ ಕ್ಲಿನಿಕ್ ಇದೆ, ಹೆಸರು ಹೇಳದೆಯೇ ಪರೀಕ್ಷೆ ಮಾಡಿಸಬಹುದು. ಸೀಲೊಮ್‌ನಿಂದ ನಡೆದೇ ಹೋಗುವಷ್ಟು ಹತ್ತಿರ. ಇನ್ನೊಂದು, ಇ–ಸಿಗರೇಟ್ ಅಲ್ಲಿ ನಿಷಿದ್ಧ, ಬ್ಯಾಗಿನಲ್ಲಿದ್ದರೆ ಹೊರಡುವ ಮುಂಚೆಯೇ ತೆಗೆದಿಡಿ.